ಎಲ್.ಕೆ.ಜಿ. ಮಗುವಿಗೆ ತೇವಾಂಶ ಕಡಿತ

ಶಿವಮೊಗ್ಗದಲ್ಲಿ ತಂತ್ರಾಂಶ ಬರೆದು ಹೊಟ್ಟೆ ಹೊರೆಯುವವರಿಗೆ ಅಡಿಕೆ ಮಂಡಿಯ ಲೆಕ್ಕ ಗೊತ್ತಿಲ್ಲದಿದ್ದರೆ ನಡೆಯುವುದಿಲ್ಲ. ಗಿರಾಕಿಗಳ ಫೋನ್ ಎತ್ತುವ ಕೆಲಸಕ್ಕೆ ನಾನಿರುವ ಸಣ್ಣ ಕಂಪನಿಯ ಮೊದಲ ಗಿರಾಕಿಯೂ ಮಂಡಿಯವರೇ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಮಾಲನ್ನು ವಿಂಗಡಿಸಿ, ತೂಕ ಬರೆದುಕೊಂಡು, ಹಮಾಲಿ ಕಳೆದು, ಮಳೆಗಾಲವಾದರೆ ತೇವಾಂಶದ ಬಾಬ್ತು ಇನ್ನೊಂದಿಷ್ಟು ಮುರಿದುಕೊಂಡು ಬಿಲ್ ಮುದ್ರಿಸುವ ಆ ತಂತ್ರಾಂಶ ಬಹಳ ಚೆನ್ನಾಗಿ ಓಡಿತು. ನಮ್ಮ ಕಷ್ಟಗಳೆಲ್ಲ ಶುರುವಾದದ್ದು ಅದು ಚೆನ್ನಾಗಿ ಓಡಿದ್ದರಿಂದಲೇ.

ಒಂದು ಶಾಲೆಯವರು ಫೀಸಿನ ಲೆಕ್ಕಕ್ಕೆ ತಂತ್ರಾಂಶ ಬೇಕೆಂದು ಬಂದಾಗ ನಮ್ಮ ಯಜಮಾನರು, "ಬಿಲ್ ಅಂದ್ಮೇಲೆ ಬಿಲ್ಲೇ ಅಲ್ವೇನ್ರೀ, ಮಂಡೀದನ್ನೇ ಕಾಪಿ ಹೊಡ್ದು ಹೆಸರು ಬದಲಾಯಿಸಿ" ಎಂದರು. ಹುಡುಗರು ಹಾಗೆಯೇ ಮಾಡಿದರು. ಬೇಸಿಗೆಯಲ್ಲಿ ತೋರಿಸಿದಾಗ ಎಲ್ಲವೂ ಸರಿಯಾಗಿತ್ತು. ಜೂನ್‌ನಲ್ಲಿ ಮಳೆಯೂ ಶಾಲೆಯೂ ಒಟ್ಟಿಗೆ ಆರಂಭವಾದವು. ಮೊದಲ ದಿನದ ರಸೀದಿಯಲ್ಲಿ ಮಗುವಿನ ಹೆಸರು 'ಮಾಲು' ಎಂಬಲ್ಲಿ ಕೂತಿತ್ತು. 'ದರ್ಜೆ' ಎಂಬ ಕಡೆ ಎಲ್.ಕೆ.ಜಿ. ಎಂದಿದ್ದು, ಆ ಒಂದು ಕಾಲಮ್ಮು ಮಾತ್ರ ಎರಡೂ ವ್ಯಾಪಾರಕ್ಕೆ ಹೊಂದಿಕೊಂಡಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ 'ತೇವಾಂಶ ಕಡಿತ' ಎಂದು ಫೀಸಿನಲ್ಲಿ ಶೇಕಡಾ 2 ಇಳಿದಿತ್ತು. ಪೋಷಕರಲ್ಲಿ ಒಬ್ಬರೂ ದೂರಲಿಲ್ಲ. ಮೇ ತಿಂಗಳಲ್ಲೇ ಪೂರ್ತಿ ಫೀಸು ಕಟ್ಟಿದ್ದ ಒಬ್ಬರು ಮಾತ್ರ, ತಮ್ಮ ಮಗನಿಗೂ ಅದೇ ಕಡಿತ ಕೊಡಬೇಕೆಂದು ಮುಖ್ಯೋಪಾಧ್ಯಾಯರ ಎದುರು ಕೂತರು. ಮುಖ್ಯೋಪಾಧ್ಯಾಯರು ಅಲ್ಲಿಂದಲೇ ನನಗೆ ಫೋನ್ ಮಾಡಿ, "ಇದು ಸರ್ಕಾರದ ಹೊಸ ಯೋಜನೆಯೋ ಸಾರ್?" ಎಂದು ಕೇಳಿದರು. ಎಂತ ಹೇಳುವುದು?

ನಮ್ಮ ಕಡೆ ಅಡಿಕೆ ಬೇಯಿಸಿದ ನೀರನ್ನು, ಅಂದರೆ ಚೊಗರನ್ನು, ಚೆಲ್ಲದೆ ಮುಂದಿನ ಬೇಯಿಸುವಿಕೆಗೆ ಇಟ್ಟುಕೊಳ್ಳುತ್ತಾರೆ. ಆದರೆ ಹಂಡೆಗೆ ಸುರಿಯುವ ಮುನ್ನ ಅದು ಎಷ್ಟು ಗಟ್ಟಿಯಿದೆಯೆಂದು ನೋಡಿಯೇ ಸುರಿಯುತ್ತಾರೆ. ಕೋಡ್ ಕಾಪಿ ಮಾಡುವವನಿಗೆ ಆ ವ್ಯವಧಾನ ಇರುವುದಿಲ್ಲ. ಅವನು ಕೇಳಿದ್ದು ಬಿಲ್. ಅದರ ಜೊತೆಗೆ ಹಮಾಲಿ, ಮಳೆಗಾಲ, ಮಂಡಿಯ ಒಟ್ಟು ಲೋಕಜ್ಞಾನವೇ ಕೇಳದೆ ಬಂದುಬಿಡುತ್ತದೆ.

ಇದು ಶಿವಮೊಗ್ಗದವರಿಗಷ್ಟೇ ಒಲಿದ ವಿದ್ಯೆಯೆಂದು ಭಾವಿಸಬೇಕಾಗಿಲ್ಲ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಮೇಲೇರಿದ 40 ಸೆಕೆಂಡಿನೊಳಗೆ ಚೂರಾಯಿತು. ದಿಕ್ಕು ಹೇಳುವ ಅದರ ತಂತ್ರಾಂಶವನ್ನು ಹಿಂದಿನ ಏರಿಯಾನ್ 4ರಿಂದ ಹಾಗೆಯೇ ತಂದಿದ್ದರು. ಹೊಸ ರಾಕೆಟ್ಟಿನ ಅಡ್ಡ ವೇಗ ಹಳೆಯದಕ್ಕಿಂತ ಬಹಳ ಹೆಚ್ಚಾಗಿದ್ದುದರಿಂದ, 32,767ಕ್ಕಿಂತ ದೊಡ್ಡದನ್ನು ಹಿಡಿಯಲಾರದ 16 ಬಿಟ್ಟಿನ ಜಾಗಕ್ಕೆ ಅದಕ್ಕೂ ದೊಡ್ಡ ಸಂಖ್ಯೆ ನುಗ್ಗಿತು. ನನ್ನ ಮನಸ್ಸಿಗೆ ತುಸು ಸಮಾಧಾನ ಕೊಡುವ ಸಂಗತಿಯೆಂದರೆ, ಹಾಗೆ ಕೆಟ್ಟ ಆ ತುಣುಕಿಗೆ ಹೊಸ ರಾಕೆಟ್ಟು ನೆಲ ಬಿಟ್ಟ ಮೇಲೆ ಮಾಡುವ ಕೆಲಸವೇ ಇರಲಿಲ್ಲ. ಅವರದ್ದೂ ಒಂದು ತೇವಾಂಶ ಕಡಿತವೇ.

ಶಾಲೆಯ ಪ್ರಕರಣದ ನಂತರ ಯಜಮಾನರು ಕಾಪಿ ಹೊಡೆಯುವುದನ್ನೇ ನಿಷೇಧಿಸಿ, ಎಲ್ಲರಿಗೂ ಬೇಕಾದದ್ದು ಒಂದೇ ಕಡೆ ಇರಲೆಂದು 'ಕಾಮನ್' ಎಂಬ ಫೋಲ್ಡರ್ ಮಾಡಿಸಿದರು. ಆಲೋಚನೆ ದೊಡ್ಡವರದ್ದೇ: 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಡಗ್ಲಾಸ್ ಮೆಕಿಲ್‌ರಾಯ್ ಎಂಬವರು, ತಂತ್ರಾಂಶವನ್ನೂ ಬಿಡಿಭಾಗಗಳಂತೆ ತಯಾರಿಸಿ, ಬೇಕಾದವರು ಬೇಕಾದದ್ದನ್ನು ಆರಿಸಿಕೊಳ್ಳುವಂತಾಗಬೇಕೆಂದು ಪ್ರತಿಪಾದಿಸಿದ್ದರು. ನಮ್ಮ 'ಕಾಮನ್'ನಲ್ಲಿ ಮಾತ್ರ ಕೆಲವೇ ತಿಂಗಳಲ್ಲಿ ಯಾರಿಗೂ ಬೇಡದ್ದೆಲ್ಲ ಬಂದು ಸೇರಿತು. ಎಲ್ಲರದ್ದಾದ ಕಾರಣ ಅದು ಯಾರದ್ದೂ ಆಗಲಿಲ್ಲ. ಅಕ್ಕಿ ಗಿರಣಿಯವರು ಪೈಸೆ ಬೇಡ, ರೂಪಾಯಿಗೆ ಇಳಿಸಿ ಎಂದಾಗ ಒಬ್ಬ ಹುಡುಗ 'ಕಾಮನ್'ನಲ್ಲಿದ್ದ ಒಂದು ಸಾಲು ತಿದ್ದಿದ. ಮರುದಿನ ಬೆಳಿಗ್ಗೆ ಮಂಡಿಯಿಂದ ಫೋನ್: "ಎಂತ ಮಾರಾಯ್ರೆ, ಗಿರಣಿಯವ್ರು ಪೈಸೆ ಬಿಟ್ರೆ ನಾವ್ಯಾಕೆ ಬಿಡ್ಬೇಕು?" ಗಿರಣಿಯ ಸುದ್ದಿ ಅವರಿಗೆ ಹೇಗೆ ತಿಳಿಯಿತೋ! ಶಿವಮೊಗ್ಗ ಸಣ್ಣ ಊರು.

ಆಗ ತಂಡದ ಇನ್ನೊಬ್ಬ, ನಮ್ಮದೇ ಏಕೆ, ಜಗತ್ತಿನವರು ಬರೆದಿಟ್ಟದ್ದನ್ನೇ ಬಳಸೋಣ ಎಂದು ಸೂಚಿಸಿದ. ಒಳ್ಳೆಯ ಸಲಹೆಯೇ, ಆದರೆ 2016ರ ಮಾರ್ಚ್‌ನಲ್ಲಿ 'ಲೆಫ್ಟ್-ಪ್ಯಾಡ್' ಎಂಬ 11 ಸಾಲಿನ ತುಣುಕನ್ನು ಬರೆದವರು, ಕೋಡ್ ಹಂಚಿಕೊಳ್ಳುವ ಎನ್‌ಪಿಎಂ ಎಂಬ ಆನ್‌ಲೈನ್ ಉಗ್ರಾಣದಿಂದ ಅದನ್ನು ಹಿಂದಕ್ಕೆ ಪಡೆದಾಗ, ಅದನ್ನೇ ನೆಚ್ಚಿಕೊಂಡಿದ್ದ ಸಾವಿರಾರು ಯೋಜನೆಗಳು ಮುಗ್ಗರಿಸಿದ್ದವು. ಅಕ್ಷರದ ಎಡಗಡೆ ಖಾಲಿ ಜಾಗವನ್ನೋ ಸೊನ್ನೆಯನ್ನೋ ತುಂಬುವುದಷ್ಟೇ ಅದರ ಕೆಲಸ. ಅಷ್ಟನ್ನು ಕೂಡ ನೆರೆಮನೆಯಿಂದ ತರುವುದು ನನಗಂತೂ ಸೋಮಾರಿತನವಾಗಿ ಕಾಣುತ್ತದೆ.

ಈಗ ನಮ್ಮಲ್ಲಿ ಒಂದು ಏರ್ಪಾಡಿದೆ. ಎರಡು ಕಡೆ ಬೇಕಾದದ್ದನ್ನು ಕಾಪಿ ಮಾಡಿಕೊಳ್ಳಬಹುದು, ಯಾರೂ ಬೈಯುವುದಿಲ್ಲ. ಮೂರನೆಯ ಗಿರಾಕಿಗೂ ಅದೇ ಬೇಕಾದರೆ ಮಾತ್ರ, ಮೂವರಿಗೂ ನಿಜವಾಗಿ ಸಮಾನವಾದದ್ದು ಎಷ್ಟೆಂದು ನೋಡಿ, ಹಮಾಲಿ ತೇವಾಂಶಗಳನ್ನು ಹೊರಗಿಟ್ಟು, ಉಳಿದದ್ದನ್ನು 'ಕಾಮನ್'ಗೆ ಸೇರಿಸುವುದು. ಅದಕ್ಕೊಂದು ಆವೃತ್ತಿ ಸಂಖ್ಯೆ ಇರುತ್ತದೆ. ಹೊಸದು ಬಂತೆಂದು ಮಂಡಿಯವರ ಹಳೆಯ ಆವೃತ್ತಿಯನ್ನು ಯಾರೂ ಮುಟ್ಟುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಅದಕ್ಕೊಬ್ಬ ವಾರಸುದಾರನನ್ನು ನೇಮಿಸಲಾಗಿದೆ. ಅವನು ತೀರ್ಥಹಳ್ಳಿ ಕಡೆಯ ಹುಡುಗ, ಬಹಳ ಜಾಗರೂಕ. ಅವನ ಒಪ್ಪಿಗೆಯಿಲ್ಲದೆ ಒಂದು ಅಲ್ಪವಿರಾಮವೂ ಒಳಗೆ ಹೋಗುವುದಿಲ್ಲ.

ಸದ್ಯ ಅವನು ಮನೆಯ ಅಡಿಕೆ ಕೊಯ್ಲಿಗೆಂದು ರಜೆ ಹಾಕಿ ಹೋಗಿದ್ದಾನೆ, ತೋಟದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಕಾಯುತ್ತಿರುವ ಗಿರಣಿಯವರಿಗೆ ಹಾಗೆಂದು ತಿಳಿಸಿದಾಗ ಅವರು ಸಿಟ್ಟಾಗುವ ಬದಲು, "ಈ ಸಲ ಅವ್ರಿಗೆ ಫಸಲು ಹೇಗಂತೆ?" ಎಂದು ವಿಚಾರಿಸಿದರು.