ಹೊಸಬರ ಪಟ್ಟಿಯಲ್ಲಿ ಜೆಫ್ ಬ್ರಿಟ್ಟನ್ ಎಲ್ಲಿ?

ಅಡೆತಡೆ ದಾಟುವ ಟಿವಿ ಸ್ಪರ್ಧೆ ‘ಅಮೆರಿಕನ್ ನಿಂಜಾ ವಾರಿಯರ್’ನ ಅತ್ಯುತ್ತಮ ಚೊಚ್ಚಲ ಪ್ರದರ್ಶನಗಳ ನಿಮ್ಮ ಪಟ್ಟಿಯಲ್ಲಿ ಕೇಸಿ ಕ್ಯಾಟನ್ಜಾರೊ ಅವರಿಗೆ ಮೊದಲ ಸ್ಥಾನ ಕೊಟ್ಟಿದ್ದೀರಿ. 2014ರಲ್ಲಿ ಡಲ್ಲಾಸ್‌ನಲ್ಲಿ ಐದಡಿ ಎತ್ತರದ ಆಕೆ ಓಡಿ ಹತ್ತಬೇಕಾದ ಎತ್ತರದ ಬಾಗಿದ ಗೋಡೆಯನ್ನು ಹತ್ತಿದ್ದು ಮೈನವಿರೇಳಿಸುವ ದೃಶ್ಯವೇ ಹೌದು. ಆದರೆ ಅವರು 2013ರಲ್ಲೇ ಸ್ಪರ್ಧಿಸಿದ್ದರು! 2014ರಲ್ಲಿ ನಿಜಕ್ಕೂ ಹೊಸಬರಾಗಿ ಬಂದು ಡೆನ್ವರ್‌ನಲ್ಲಿ ಗೋಡೆ ಹತ್ತಿದವರು ಬಂಡೆ ಹತ್ತುವುದರಲ್ಲಿ ಪಳಗಿದ ಮೇಗನ್ ಮಾರ್ಟಿನ್. ಅವರ ಹೆಸರೇ ಇಲ್ಲ.

ಅದಕ್ಕಿಂತ ದೊಡ್ಡ ಲೋಪ ಜೆಫ್ ಬ್ರಿಟ್ಟನ್. ವೃತ್ತಿಯಿಂದ ಕ್ಯಾಮೆರಾಮನ್ ಆಗಿದ್ದ ಇವರು 2015ರಲ್ಲಿ ಮೊದಲ ಬಾರಿಗೆ ಬಂದು ಅರ್ಹತಾ ಸುತ್ತು, ನಗರ ಫೈನಲ್, ಲಾಸ್ ವೇಗಸ್‌ನ ರಾಷ್ಟ್ರೀಯ ಫೈನಲ್‌ನ ನಾಲ್ಕೂ ಹಂತ, ಎಲ್ಲವನ್ನೂ ಒಂದೇ ಋತುವಿನಲ್ಲಿ ಮುಗಿಸಿದರು. ಕೊನೆಯ 75 ಅಡಿ ಹಗ್ಗವನ್ನು 30 ಸೆಕೆಂಡಿನೊಳಗೆ ಹತ್ತಬೇಕಿತ್ತು, ಬ್ರಿಟ್ಟನ್ 29.65ರಲ್ಲಿ ಹತ್ತಿದರು. ಬಳಿಕ ಐಸಾಕ್ ಕಾಲ್ಡಿಯೆರೊ ಇನ್ನೂ ಮೂರು ಸೆಕೆಂಡು ಬೇಗ ಹತ್ತಿ ಹತ್ತು ಲಕ್ಷ ಡಾಲರ್ ಒಯ್ದರು. ಬ್ರಿಟ್ಟನ್ ಕೈಗೆ ಹಣ ಬರಲಿಲ್ಲ. ಅತಿ ಬೇಗ ಹತ್ತಿದವರಿಗಷ್ಟೇ ಬಹುಮಾನ ಎಂಬ ಆಗಿನ ನಿಯಮ ನನಗೆ ಇಂದಿಗೂ ಒಗ್ಗುವುದಿಲ್ಲ.

ಇನ್ನು 2021ರಲ್ಲಿ ಹದಿನೈದನೇ ವಯಸ್ಸಿಗೇ ನಾಲ್ಕನೇ ಹಂತ ಮುಟ್ಟಿದ ಕೇಡನ್ ಲೆಬ್‌ಸ್ಯಾಕ್. ಅದ್ಭುತವೇ, ಆದರೆ ಆ ಹುಡುಗ ಇದೇ ಸ್ಪರ್ಧೆಯ ಕಿರಿಯರ ಆವೃತ್ತಿಯಲ್ಲಿ ಸ್ಪರ್ಧಿಸಿ ಬಂದವನು. ಈಜು ಬಲ್ಲವನನ್ನು ಬೇರೆ ಕೆರೆಗೆ ಇಳಿಸಿದಂತೆ. ಆದ್ದರಿಂದ ನನ್ನ ಮತ ಬ್ರಿಟ್ಟನ್‌ಗೆ, ಎರಡನೆಯದು ಮಾರ್ಟಿನ್‌ಗೆ. ಕೇಸಿ ಅವರನ್ನು ‘ಅತ್ಯುತ್ತಮ ಎರಡನೇ ಪ್ರಯತ್ನ’ ಎಂಬ ಬೇರೆ ಪಟ್ಟಿಗೆ ಸೇರಿಸಿ, ಅಲ್ಲಿ ತಕರಾರಿಲ್ಲ.