ನರಸಿಂಹ ಪರ್ವತಕ್ಕೆ ಕಿಗ್ಗದ ಕಡೆಯಿಂದಲೂ ದಾರಿ ಇದೆ
ಚಾರಣಕ್ಕೆ ಕುದುರೆಮುಖದ ಜನಜಂಗುಳಿ ಬೇಡ ಅನ್ನುವವರಿಗೆ ನಿಮ್ಮ ಬರಹದಲ್ಲಿ ನರಸಿಂಹ ಪರ್ವತ ಸೂಚಿಸಿದ್ದು ತುಂಬಾ ಖುಷಿಯಾಯ್ತು ಸರ್. ಆದರೆ ನೀವು ಆಗುಂಬೆ ಕಡೆಯ ದಾರಿ ಮಾತ್ರ ಬರೆದಿದ್ದೀರಿ. ಶೃಂಗೇರಿ ಹತ್ತಿರದ ಕಿಗ್ಗದಿಂದ ಹತ್ತುವುದು ಚಿಕ್ಕ ದಾರಿ, ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಅದೇ ಸರಿ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಮಾಡಿಸಿಕೊಳ್ಳಿ.

ಮಳೆಗಾಲದಲ್ಲಂತೂ ದಯವಿಟ್ಟು ಬೇಡ. ಇಂಬಳದ (ರಕ್ತ ಹೀರುವ ಜಿಗಣೆ) ಕಾಟ ಹೇಳತೀರದು. ನಾನು ಒಮ್ಮೆ ಮಳೆ ಬಿಟ್ಟ ಮೇಲೆ ಹೋಗಿದ್ದಾಗ, ಬಂಡೆ ಮೇಲೆ ಕೂತು ಶೂ ಬಿಚ್ಚಿದರೆ ಒಂದೇ ಕಾಲಿನ ಸಾಕ್ಸ್ ಒಳಗೆ ಏಳು ಇದ್ದವು! ಸುಣ್ಣ, ಹೊಗೆಸೊಪ್ಪು ಸೇರಿಸಿ ಬಟ್ಟೆಯಲ್ಲಿ ಗಂಟು ಕಟ್ಟಿ, ಒದ್ದೆ ಮಾಡಿ ಮುಟ್ಟಿಸಿದರೆ ತಾನಾಗೇ ಉದುರುತ್ತೆ. ನವೆಂಬರ್‌ನಿಂದ ಜನವರಿ ಒಳ್ಳೆಯ ಕಾಲ. ಮೇಲಿನ ಹುಲ್ಲುಗಾವಲಲ್ಲಿ ನೆರಳಿಲ್ಲ, ಒಬ್ಬೊಬ್ಬರಿಗೂ ಕುಡಿಯಲು 3 ಲೀಟರ್ ನೀರಿರಲಿ. ಮಧ್ಯಾಹ್ನ 3ರೊಳಗೆ ಇಳಿಯಲು ಶುರುಮಾಡಿ, ಕಾಡೊಳಗೆ ಬೇಗ ಕತ್ತಲಾಗುತ್ತೆ.