ಟ್ರಯಲ್‌ನಲ್ಲಿದೀನಿ ಸಾರ್

ನಮ್ಮ ಕಾರಿಗೆ ಎರಡು ಕೀ. ಒಂದರಲ್ಲಿ ಕಾರು ಓಡುತ್ತದೆ. ಇನ್ನೊಂದರಲ್ಲಿ ಬಾಗಿಲು ತೆಗೆದು ಒಳಗೆ ಕೂತು ಹಾಡು ಕೇಳಬಹುದು, ಅಷ್ಟೇ. ನಿನ್ನೆ ಸಂಜೆಯವರೆಗೆ ಈ ವಿಷಯ ನನಗೂ ಗೊತ್ತಿರಲಿಲ್ಲ. ತುಮಕೂರಿನ ಟೌನ್‌ಹಾಲ್ ಹತ್ತಿರ ಕಾರು ನಿಲ್ಲಿಸಿ ನಾನು ಮೀಟಿಂಗಿಗೆ ಹೋಗಿದ್ದೆ. ಹೆಂಡತಿ ತನ್ನ ಕೀ ತಂದು, ಕಾರು ತಗೊಂಡು, ಊರಿಂದ ಬರುವ ಅವರಮ್ಮನನ್ನು ಬಸ್ ಸ್ಟ್ಯಾಂಡಿನಿಂದ ಮನೆಗೆ ಕರೆದುಕೊಂಡು ಹೋಗಬೇಕಿತ್ತು. ಮೀಟಿಂಗ್ ಮಧ್ಯೆ ಫೋನ್ ಬಂತು. "ರೀ, ಸ್ಟಾರ್ಟೇ ಆಗ್ತಿಲ್ಲ. ಎಂಥದೋ ಕೆಂಪು ಲೈಟು ಮಿಣಮಿಣ ಅಂತಿದೆ. ಮೊನ್ನೆ ತಾನೇ 26 ಸಾವಿರ..." ನಾನು "ಹಲೋ, ಹಲೋ, ಕೇಳಿಸ್ತಿಲ್ಲ" ಅಂದೆ.

ಅತ್ತೆ ಆಟೋದಲ್ಲಿ ಬಂದರು. ಅವರ ಜೊತೆ ಉಪ್ಪಿನಕಾಯಿ ಜಾಡಿಯೂ ಬಂತು. ನನ್ನ ಕಡೆಗೆ ಒಂದು ನೋಟವೂ ಬಂತು.

ಇದೆಲ್ಲ ಶುರುವಾಗಿದ್ದು ಏಪ್ರಿಲ್‌ನಲ್ಲಿ. ಮಧ್ಯಾಹ್ನ ಎರಡು ಗಂಟೆ, ಭದ್ರಮ್ಮ ಸರ್ಕಲ್, ಸಿಗ್ನಲ್ ಹಸಿರಾಯ್ತು, ನಮ್ಮ ಕಾರು ಆಫ್ ಆಯ್ತು. ಕೆಮ್ಮಲಿಲ್ಲ, ನಡುಗಲಿಲ್ಲ, ಸುಮ್ನೆ ಆಫ್. ಹಿಂದೆ ಬಸ್ಸು, ಪಕ್ಕದಲ್ಲಿ ಆಟೋ, ಎಲ್ಲರೂ ಹಾರ್ನ್ ಹೊಡೆದೇ ರಿಪೇರಿ ಮಾಡಲು ನೋಡುತ್ತಿದ್ದರು. ಇಬ್ಬರು ಕಾಲೇಜು ಹುಡುಗರು ಪಾಪ ತಳ್ಳಿ ಪಕ್ಕಕ್ಕೆ ಹಾಕಿದರು. ಮತ್ತೆ ಕೀ ತಿರುಗಿಸಿದೆ, ಜಪ್ಪಯ್ಯ ಅಂದರೂ ಇಲ್ಲ. ಅರ್ಧ ಗಂಟೆ ಕಾದು, ಒಂದು ಎಳನೀರು ಕುಡಿದು ಬಂದು ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್! ನಿಂತಿದ್ದಷ್ಟು ಹೊತ್ತೂ ಚೆಕ್ ಇಂಜಿನ್ ಲೈಟು ಒಂದು ಸಲವೂ ಉರಿದಿರಲಿಲ್ಲ. ಲೈಟ್ ಇಲ್ಲ ಅಂದಮೇಲೆ ಇಂಜಿನ್ನಿಗೆ ಏನೂ ಆಗಿಲ್ಲ ಅಂತ ನಾನು ಸಮಾಧಾನ ಮಾಡಿಕೊಂಡೆ. ಆ ಸಮಾಧಾನದ ಕಥೆ ಆಮೇಲೆ ಹೇಳುತ್ತೇನೆ.

ನಮ್ಮ ಮೆಕ್ಯಾನಿಕ್‌ನ ಗ್ಯಾರೇಜು ಅಂತರಸನಹಳ್ಳಿ ಕಡೆ. ಒಳ್ಳೆಯವನು, ಕೆಲಸ ಗೊತ್ತು, ದುಡ್ಡಿನಲ್ಲೂ ಮೋಸವಿಲ್ಲ. ಇರುವುದು ಒಂದೇ ಚಟ. ಟ್ರಯಲ್. ಏನೇ ರಿಪೇರಿ ಮಾಡಲಿ, ಗಾಡಿ ವಾಪಸ್ ಕೊಡುವ ಮುಂಚೆ ಒಂದು ಟ್ರಯಲ್ ನೋಡಲೇಬೇಕು. ಸರಿ, ಬ್ರೇಕ್ ರಿಪೇರಿ ಮಾಡಿದರೆ ನೋಡಬೇಕಪ್ಪ, ಒಪ್ಪೋಣ. ಆದರೆ ಕಳೆದ ವರ್ಷ ವೈಪರ್ ಬ್ಲೇಡ್ ಹಾಕಿಸಿದಾಗಲೂ 18 ಕಿಲೋಮೀಟರ್ ಟ್ರಯಲ್ ಆಗಿತ್ತು. ಮಳೆ ಹುಡುಕಿಕೊಂಡು ಹೋಗಿದ್ದನೋ ಏನೋ.

ಟ್ರಯಲ್‌ಗೆ ಅವನ ಸಮಯ ಬೆಳಗ್ಗೆ ಏಳೂವರೆ. "ಆವಾಗ ರೋಡ್ ಖಾಲಿ ಇರ್ತದೆ ಸಾರ್, ಇಂಜಿನ್ ಸೌಂಡು ಚೆನ್ನಾಗಿ ಕೇಳ್ತದೆ" ಅಂತಾನೆ. ಅವನು ಹೋಗುವುದು ಊರಿನ ಆ ತುದಿಗೆ, ಕ್ಯಾತ್ಸಂದ್ರಕ್ಕೆ. ಬೆಳಗ್ಗೆ ಏಳೂವರೆಗೆ ಕ್ಯಾತ್ಸಂದ್ರದಲ್ಲಿ ಏನು ಬಿಸಿಬಿಸಿಯಾಗಿ ಸಿಗುತ್ತದೆ ಅಂತ ತುಮಕೂರಿನವರಿಗೆ ನಾನು ಹೇಳಬೇಕಿಲ್ಲ, ಅಲ್ವಾ? ಗಾಡಿ ವಾಪಸ್ ಬಂದಾಗ ಗೇರ್ ಮೇಲೆ ಚಟ್ನಿ ಕಲೆ ಇರುತ್ತದೆ. ಹಿಂದಿನ ಸೀಟಿನಲ್ಲಿ ಒಂದು ಸಲ ಒಂದು ಕಟ್ಟು ಮೆಂತ್ಯ ಸೊಪ್ಪು ಸಿಕ್ಕಿತ್ತು, ಇನ್ನೊಂದು ಸಲ ಯಾವುದೋ ಮಗುವಿನ ಒಂಟಿ ಕಾಲುಚೀಲ. ಗ್ಲೌ ಬಾಕ್ಸಿನಲ್ಲಿ ಅವನ ಬಾಮೈದನ ಮದುವೆ ಕರೆಯೋಲೆಗಳ ಒಂದು ಕಟ್ಟು. ನನ್ನ ಕಾರಿನಲ್ಲೇ ಊರೂರು ಹಂಚಿದ್ದಾನೆ, ನನಗೆ ಮಾತ್ರ ಒಂದು ಕೊಟ್ಟಿಲ್ಲ.

ಮೊದಲ ಸಲ ಪೆಟ್ರೋಲ್ ಪಂಪ್ ಬದಲಾಯಿಸಿದ. "ಕ್ಯಾತ್ಸಂದ್ರದವರೆಗೂ ಹೋಗ್ಬಂದೆ ಸಾರ್, ಬೆಣ್ಣೆ." ಎರಡು ದಿನ ಬಿಟ್ಟು ಶಿರಾ ಗೇಟ್ ಹತ್ತಿರ ನಿಂತಿತು. ಆಮೇಲೆ ಕ್ರ್ಯಾಂಕ್ ಸೆನ್ಸರ್ ಹಾಕಿದ. ಇಂಜಿನ್ ಎಲ್ಲಿ, ಎಷ್ಟು ಸುತ್ತುತ್ತಿದೆ ಅಂತ ಹೇಳುವುದು ಅದೇ, ಬಿಸಿಯಾದಾಗ ಅದೂ ಕೈಕೊಡುತ್ತದಂತೆ, ಹಾಗಾಗಿ ಅವನ ಊಹೆ ಪೂರ್ತಿ ತಪ್ಪಲ್ಲ. "ಬೆಣ್ಣೆ ಸಾರ್." ಎಸ್‌ಐಟಿ ಕಾಲೇಜಿನ ಮುಂದೆ ನಿಂತಿತು. ಈ ಬೆಣ್ಣೆ ಕರಗುವುದು ಯಾವಾಗಲೂ ನನ್ನ ಕೈಯಲ್ಲೇ. ಮೂರನೇ ಸಲ ಇಗ್ನಿಷನ್ ಕಾಯಿಲ್ ಅಂದ. ಗಾಡಿ ಬಿಟ್ಟು ಬಂದೆ.

ಮಾರನೇ ದಿನ ಬೆಳಗ್ಗೆ ಸಿಟಿ ಬಸ್ಸಿನಲ್ಲಿ ಒಂದೂವರೆ ಕಾಲಿನ ಮೇಲೆ ನಿಂತು ಕ್ಯಾತ್ಸಂದ್ರ ಕಡೆ ಹೊರಟಿದ್ದೆ. ಬಟವಾಡಿ ಹತ್ತಿರ ಕಿಟಕಿಯಾಚೆ ಒಂದು ಬಿಳಿ ಕಾರು ಕಂಡಿತು. ಎಲ್ಲೋ ನೋಡಿದ ಹಾಗಿದೆಯಲ್ಲ ಅಂದುಕೊಂಡೆ. ಬಾಗಿಲ ಮೇಲೆ ನಮ್ಮ ಮನೆ ಗೇಟಿಗೆ ನಾನೇ ಉಜ್ಜಿಸಿದ ಗೀರು! ಸ್ಟೇರಿಂಗ್ ಹಿಂದೆ ಮೆಕ್ಯಾನಿಕ್. ಪಕ್ಕದಲ್ಲಿ ಅವನ ತಾಯಿ, ಕಿಟಕಿ ಪೂರ್ತಿ ಇಳಿಸಿಕೊಂಡು, ಗಾಳಿಗೆ ಮುಖ ಕೊಟ್ಟು, ಕಣ್ಣು ಮುಚ್ಚಿಕೊಂಡು ಕೂತಿದ್ದಾರೆ. ಹಿಂದೆ ಹೆಂಡತಿ, ಇಬ್ಬರು ಮಕ್ಕಳು. ಚಿಕ್ಕದು ಬಸ್ಸಿನ ಕಡೆ ಟಾಟಾ ಮಾಡಿತು. ಯಾಕೋ ಗೊತ್ತಿಲ್ಲ, ನಾನೂ ಕೈ ಬೀಸಿಬಿಟ್ಟೆ. ಬೀಸಿದ ಮೇಲೆ ಸಿಟ್ಟು ಬಂತು. ಫೋನ್ ಮಾಡಿದೆ.

"ಟ್ರಯಲ್‌ನಲ್ಲಿದೀನಿ ಸಾರ್. ಪಿಕಪ್ ಹೆಂಗೈತೆ ಅಂದ್ರೆ, ಈಗ್ತಾನೆ ಒಂದು ಬಸ್ಸನ್ನ ಓವರ್‌ಟೇಕ್ ಹೊಡ್ದೆ."

"ಗೊತ್ತು. ನಾನು ಆ ಬಸ್ಸಿನಲ್ಲೇ ಇದೀನಿ."

ಸ್ವಲ್ಪ ಹೊತ್ತು ಬರೀ ಗಾಳಿ ಸದ್ದು. ಆಮೇಲೆ, "ಲೋಡ್ ಹಾಕಿ ನೋಡ್ಬೇಕಲ್ವಾ ಸಾರ್."

ಅವನ ತಾಯಿಯನ್ನು ಲೋಡ್ ಅಂದಿದ್ದು ನನಗೆ ಸರಿ ಬರಲಿಲ್ಲ. ಆದರೆ ಬಸ್ಸಿಳಿದು ನಡೆಯುವಾಗ ಒಂದು ವಿಷಯ ಹೊಳೆಯಿತು. ಇವನು ಓಡಿಸುವುದು ಇಡ್ಲಿ ಹೊತ್ತಿನಲ್ಲಿ, ತಂಪಿನಲ್ಲಿ. ಗಾಡಿ ನಿಲ್ಲುವುದು ಉರಿಬಿಸಿಲಿನಲ್ಲಿ. "ನಾಳೆ ಮಧ್ಯಾಹ್ನ ಎರಡು ಗಂಟೆಗೆ ಟ್ರಯಲ್ ನೋಡು" ಅಂತ ಹಟ ಹಿಡಿದೆ. ಅವನಿಗೆ ಇಷ್ಟವಿರಲಿಲ್ಲ. ಆದರೂ ಹೋದ. ಎರಡೂ ಮುಕ್ಕಾಲಿಗೆ ಫೋನ್ ಬಂತು. ಹಿಂದೆ ಮಗು ಐಸ್‌ಕ್ರೀಂ ಬೇಕು ಅಂತ ಅಳುತ್ತಿತ್ತು.

"ಸಾರ್, ನಿಮ್ ಗಾಡಿಲಿ ಏನೋ ಪ್ರಾಬ್ಲಂ ಐತೆ."

ನಾಲ್ಕು ವಾರ ಆಗಿತ್ತು!

ಆಟೋ ಹಿಡಿದು ಹೋದೆ. ಅವತ್ತು ಮಾತ್ರ ಅವನ ಕೆಲಸ ನೋಡಿ ಸಿಟ್ಟೆಲ್ಲ ಇಳಿಯಿತು. ಸ್ಟೇರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ, ಅದಕ್ಕೆ ಸ್ಕ್ಯಾನರ್ ಚುಚ್ಚಿದ. ಲಿಂಕ್ ಆಗಲಿಲ್ಲ. "ನೋಡಿ ಸಾರ್, ಕೀ ಆನ್ ಮಾಡಿದ್ರೆ ಚೆಕ್ ಇಂಜಿನ್ ಲೈಟ್ ಬರ್ಬೇಕು, ಸ್ಟಾರ್ಟ್ ಆದ್ಮೇಲೆ ಹೋಗ್ಬೇಕು. ಇಲ್ಲಿ ಬರ್ತಾನೇ ಇಲ್ಲ." ಅಂದರೆ ನಾನು ಯಾವುದನ್ನು ನೋಡಿ ಸಮಾಧಾನ ಪಟ್ಟಿದ್ದೆನೋ ಅದೇ ರೋಗ. ಫ್ಯೂಸ್ ನೋಡಿದ, ಇಸಿಎಂಗೆ, ಅಂದರೆ ಇಂಜಿನ್ನಿನ ಕಂಪ್ಯೂಟರ್ ಡಬ್ಬಿಗೆ, ಹೋಗುವ ಕರೆಂಟು, ಅರ್ತ್ ಎರಡನ್ನೂ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದ. ಎಲ್ಲ ಸರಿ. ಬಾನೆಟ್ ತೆಗೆದಿಟ್ಟು ಅರ್ಧ ಗಂಟೆ ಕಾದೆವು. ತಣ್ಣಗಾದ ಮೇಲೆ ಸ್ಕ್ಯಾನರ್ ಲಿಂಕ್ ಆಯಿತು, ಗಾಡಿಯೂ ಸ್ಟಾರ್ಟ್ ಆಯಿತು. ಇಸಿಎಂ ಒಳಗಿನ ಬೋರ್ಡಿನಲ್ಲಿ ಎಲ್ಲೋ ಬೆಸುಗೆ ಬಿಟ್ಟಿದೆ, ಕಾದಾಗ ಬಿಡುತ್ತದೆ, ಆರಿದಾಗ ಕೂಡಿಕೊಳ್ಳುತ್ತದೆ ಅಂತ ಅವನ ತೀರ್ಮಾನ.

ಎಷ್ಟು ಪೆಟ್ರೋಲ್ ಬಿಡಬೇಕು, ಕಿಡಿ ಯಾವಾಗ ಹಾರಬೇಕು ಅಂತ ಹೇಳುವುದೆಲ್ಲ ಈ ಡಬ್ಬಿಯೇ. ನೋಡಲು ಊಟದ ಡಬ್ಬಿ ಮುಚ್ಚಳದ ಹಾಗಿದೆ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಸೆಕೆಂಡ್ ಹ್ಯಾಂಡ್ ಕಡಿಮೆಗೆ ಸಿಗುತ್ತದೆ ಅಂದ. ಆದರೆ ಮೇಲಿರುವ ಪಾರ್ಟ್ ನಂಬರ್ ಪೂರ್ತಿ ಹೊಂದಬೇಕು, ಜೊತೆಗೆ ಅದು ಹಳೇ ಯಜಮಾನನ ಕೀಯನ್ನೇ ನೆನಪಿಟ್ಟುಕೊಂಡು ಕೂತಿರುತ್ತದಂತೆ. ಅಷ್ಟು ನಿಯತ್ತಿನ ವಸ್ತು ನಮಗೆ ಬೇಡ ಅಂತ ಹೊಸದಕ್ಕೇ ಆರ್ಡರ್ ಕೊಟ್ಟೆ. ಅಂಗಡಿಯವನಿಗೆ ಫೋನಿನಲ್ಲಿ ಚಾಸಿ ನಂಬರಿನ 17 ಅಕ್ಷರ ಓದಿ ಹೇಳುವಾಗ "ಇದು ಇಂಗ್ಲಿಷ್ ಓ ಅನ್ನಿಸತ್ತೆ" ಅಂದೆ. "ಚಾಸಿ ನಂಬರಲ್ಲಿ ಓ ಬರೋದೇ ಇಲ್ಲ ಸಾರ್, ಸೊನ್ನೆ ಅಂತ ಬರ್ಕೊಳ್ತೀನಿ" ಅಂದ. ಎಲೆಕ್ಟ್ರಿಕಲ್ ಐಟಂ ವಾಪಸ್ ತಗೊಳ್ಳಲ್ಲ ಅಂತಲೂ ಮೂರು ಸಲ ಹೇಳಿದ.

ಅಪ್ಪನ ಕಾರಿನಲ್ಲಿ ಇದೆಲ್ಲ ಇರಲಿಲ್ಲ. ಕಾರ್ಬೊರೇಟರ್ ಗಾಡಿ. ಚಳಿಗೆ ಚೋಕ್ ಎಳೆಯಬೇಕು, ನಿಂತರೆ ಜೆಟ್ ಬಿಚ್ಚಿ ಬಾಯಲ್ಲಿ ಊದಬೇಕು. ಅಪ್ಪ ಊದಿ, ತುಟಿ ಮೇಲಿನ ಪೆಟ್ರೋಲ್ ಒರೆಸಿಕೊಂಡು "ಕಸ ಸಿಕ್ಕಿತ್ತು" ಅನ್ನುತ್ತಿದ್ದರು. ಅದಕ್ಕೂ ಬಗ್ಗದಿದ್ದರೆ ಬೀದಿಯವರೆಲ್ಲ ಸೇರಿ ತಳ್ಳುತ್ತಿದ್ದರು. ಬನಿಯನ್ನಿನಲ್ಲಿ ಪೇಪರ್ ಓದುತ್ತಿದ್ದವರೂ ಎದ್ದು ಬರುತ್ತಿದ್ದರು. ಸ್ಟಾರ್ಟ್ ಆದರೆ ಅಪ್ಪ ನಿಲ್ಲಿಸುವ ಹಾಗಿಲ್ಲ, ನಾನು ಓಡಿಕೊಂಡೇ ಹತ್ತಬೇಕು. ಈಗಿನ ಗಾಡಿಯನ್ನು ಇಡೀ ಬೀದಿ ತಳ್ಳಿದರೂ ಇಸಿಎಂ ಹೂಂ ಅನ್ನದೆ ಅದು ಏಳುವುದಿಲ್ಲ. ತಳ್ಳುವವರೂ ಈಗ ಆ ಬೀದಿಯಲ್ಲಿ ಹೆಚ್ಚು ಉಳಿದಿಲ್ಲ ಬಿಡಿ. ಅಪ್ಪನೂ ಇಲ್ಲ.

ಕೊನೆಗೆ ಡಬ್ಬಿ ಬಂತು. ಅದಕ್ಕೆ ಕೋಡಿಂಗ್ ಮಾಡಲು ಬೆಂಗಳೂರಿನಿಂದ ಟ್ರೇನಿನಲ್ಲಿ ಒಬ್ಬ ಹುಡುಗ ಲ್ಯಾಪ್‌ಟಾಪ್ ಹಿಡಿದು ಬಂದ. ಮಧ್ಯದಲ್ಲಿ ಬ್ಯಾಟರಿ ಇಳಿಯಬಾರದು ಅಂತ ಚಾರ್ಜರ್ ಹಾಕಿಟ್ಟರು, ಸರಿಯಾಗಿ ಅದೇ ಹೊತ್ತಿಗೆ ಕರೆಂಟ್ ಹೋಯಿತು. ಪರದೆ ಮೇಲೆ ಶೇಕಡಾ 80, 81 ಅಂತ ಆಮೆ ತೆವಳುತ್ತಿದ್ದಾಗ ಗ್ಯಾರೇಜಿನಲ್ಲಿ ಯಾರೂ ಉಸಿರು ಬಿಡಲಿಲ್ಲ. ಹೇಗೋ ಮುಗಿಯಿತು. ಆ ಹುಡುಗ "ಇನ್ನೊಂದು ಕೀ ಇದ್ರೆ ಕೊಡಿ ಸಾರ್, ಎರಡನ್ನೂ ಒಟ್ಟಿಗೆ ರಿಜಿಸ್ಟರ್ ಮಾಡ್ಬೇಕು" ಅಂದಿದ್ದ. ಕೀ ಹೆಂಡತಿಯ ಬ್ಯಾಗಿನಲ್ಲಿತ್ತು, ಬ್ಯಾಗು ಅವಳ ಆಫೀಸಿನಲ್ಲಿತ್ತು. "ಪರ್ವಾಗಿಲ್ಲ, ಆಮೇಲೆ ನೋಡೋಣ" ಅಂದವನು ನಾನೇ. ಇದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಇವತ್ತು ಬೆಳಗ್ಗೆ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅರ್ಧ ಗಂಟೆ ಕೆಲಸ, ಹುಡುಗನನ್ನು ಶನಿವಾರ ಕರೆಸ್ತೀನಿ ಅಂದ.

"ಹಾಗಾದ್ರೆ ಶನಿವಾರ ಸಾಯಂಕಾಲ ಗಾಡಿ ತಗೊಂಡು ಹೋಗ್ಲಾ?"

"ಸೋಮವಾರ ಬನ್ನಿ ಸಾರ್. ಎರಡು ಕೀಲೂ ಟ್ರಯಲ್ ನೋಡ್ಬೇಕಲ್ಲ."

ಫೋನಿಟ್ಟು ಕೆಳಗಿಳಿದು ಹೋಗಿ ಗ್ಲೌ ಬಾಕ್ಸ್ ತೆಗೆದೆ. ಕರೆಯೋಲೆ ಒಂದೇ ಒಂದು ಉಳಿದಿತ್ತು. ಭಾನುವಾರ ಮುಹೂರ್ತ, ಗುಬ್ಬಿಯಲ್ಲಿ.